ಸಾಲ್ವೊ ಕ್ಲಬ್ಬಿನ ಉಲ್ಟಾ ಸಾಬ್

"ಹಂಗೇ ಹೇಳ್ಬುಡೋ ಮನ್ಸೂರ. ಇಲ್ದಿದ್ರೆ ಯಾರೂ ಬರಾಕಿಲ್ಲ" ಎಂದು ಮಸೀದಿಯ ಕಿಟಕಿಯಾಚೆಯಿಂದ ಓಬಳಯ್ಯ ಪಿಸುಗುಟ್ಟಿದ.

ಒಳಗೆ ಮನ್ಸೂರ್ ಅಲಿ ಮೈಕು ಹಿಡಿದು ನಿಂತಿದ್ದ. ಸತ್ತಿರುವುದು ಹೆತ್ತ ಅಪ್ಪ. ಅಪ್ಪನ ಸಾವನ್ನು ಊರಿಗೆ ಸಾರುವಾಗ ಅಡ್ಡಹೆಸರು ಹೇಳುವ ಕರ್ಮ ಯಾವ ಮಗನಿಗೂ ಬೇಡ.

ಆದರೆ ಬೇರೆ ದಾರಿಯಿರಲಿಲ್ಲ. ಬೆಳಗಿನ ನಮಾಜಿನ ಹೊತ್ತಿಗೆ ಒಮ್ಮೆ ಸಾರಿದ್ದಾಗಿತ್ತು: ಲಾಲ್ ಸಾಬ್ ತೀರಿಕೊಂಡಿದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಕುಣಿಗಲ್ಲಿನಲ್ಲಿ ಆಗ, ಅಂದರೆ ೧೯೮೭ರಲ್ಲಿ, ನಾಲ್ಕು ಜನ ಲಾಲ್ ಸಾಬ್‌ಗಳಿದ್ದರು. ಜನ ಅವರವರಿಗೆ ತೋಚಿದ ಲಾಲ್ ಸಾಬ್ ಮನೆಗೆ ಹೋದರು. ಕೋಟೆ ಬೀದಿಯ ಲಾಲ್ ಸಾಬ್ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದು ನೋಡಿದರೆ ಎದುರಿಗೆ ಮೂವತ್ತು ಜನ ಟೋಪಿ ಹಾಕಿಕೊಂಡು ತಲೆತಗ್ಗಿಸಿ ನಿಂತಿದ್ದಾರೆ. "ನಾನಲ್ಲ ಕಣ್ರಯ್ಯಾ, ನಾನಲ್ಲ!" ಎಂದು ಆತ ಬಾಯಿತುಂಬ ನೊರೆ ಇಟ್ಟುಕೊಂಡೇ ಕೂಗಿದ. ಅಷ್ಟರಲ್ಲಿ ಅವನ ತಂಗಿ ಹಿತ್ತಲಲ್ಲಿ ಎದೆ ಬಡಿದುಕೊಂಡು ಅಳಲು ಶುರು ಮಾಡಿದ್ದಳು. ಅವಳನ್ನು ಸಮಾಧಾನ ಮಾಡುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಮನ್ಸೂರ್ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ. "ಕುದುರೆ ಜೀನು ಹೊಲಿಯೋ ಲಾಲ್ ಸಾಬ್... ಎಲ್ಲಾರೂ ಉಲ್ಟಾ ಸಾಬ್ ಅಂತಿದ್ರಲ್ಲ, ಅವರು."

"ಅಯ್ಯೋ, ಉಲ್ಟಾ ಸಾಬ್ರಾ!" ಎಂದಿತು ಊರು. ಹೆಸರು ಅಂದರೆ ಅಷ್ಟೇ ನೋಡಿ. ಅಪ್ಪ ಅಮ್ಮ ಇಟ್ಟಿದ್ದು ರೇಷನ್ ಕಾರ್ಡಿಗೆ, ಊರು ಇಟ್ಟಿದ್ದು ಬಾಯಿಗೆ. ಗಂಟೆ ಎಂಟಾಗುವಷ್ಟರಲ್ಲಿ ಕೆರೆ ಏರಿಯ ಕೆಳಗಿನ ಆ ಸಣ್ಣ ಹೆಂಚಿನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

ಮೈಕಿನ ಮಾತು ಎರಡು ಬೀದಿಯಾಚೆ ಮಹಾದೇವಯ್ಯನವರ ಜಗಲಿಯವರೆಗೂ ಬಂತು. ಮಹಾದೇವಯ್ಯ ನಿವೃತ್ತ ಲೆಕ್ಕದ ಮೇಷ್ಟ್ರು, ಸತ್ತವರ ಜೀವದ ಗೆಳೆಯ. ಬೆಳಗಿನ ಜಾವವೇ ಹೋಗಿ ಗೆಳೆಯನ ಮುಖ ನೋಡಿಕೊಂಡು ಬಂದು ಕಂಬಕ್ಕೆ ಒರಗಿ ಕೂತಿದ್ದರು. ಒಳಗೆ ಅವರ ಹೆಂಡತಿ ಸರ್ವಮಂಗಳಮ್ಮ ಸಾವಿನ ಮನೆಗೆಂದು ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದರು. ಆ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರೇ ಕಳಿಸಬೇಕು. ಮೈಕು ಕೇಳಿದ್ದೇ ಅವರು ಸೌಟು ಹಿಡಿದುಕೊಂಡು ಹೊರಗೆ ಬಂದರು.

"ಕೇಳುಸ್ತಾ?"

"ಕೇಳುಸ್ತು."

"ಸತ್ತ ಮೇಲೂ ಅದೇ ಹೆಸರು. ಅದೂ ಮೈಕಲ್ಲಿ! ಒಂಬತ್ತು ವರ್ಷ ಆಯ್ತು ರೀ. ಆ ಹೆಸರು ಅವರದ್ದಲ್ಲ, ನಿಮ್ದು."

"ಮೆಲ್ಲಗೆ ಮಾತಾಡೇ. ಪಕ್ಕದ ಮನೆಯೋರು..."

"ಕೇಳಿಸ್ಕೊಳ್ಳಿ! ನಾನೇನು ಕಳ್ಳತನ ಮಾಡಿದೀನಾ? ನೋಡಿ, ಇವತ್ತು ಮಣ್ಣು ಮಾಡೋಕೆ ಮುಂಚೆ ಎಲ್ಲಾರ ಎದುರಿಗೂ ನಿಜ ಹೇಳ್ಬುಡಿ. ಇಲ್ಲಾ ಅಂದ್ರೆ ನಾಳೆಯಿಂದ ನಿಮ್ಮ ತಟ್ಟೆಗೆ ಮುದ್ದೆ ಹಾಕೋಳು ನಾನಲ್ಲ."

ಸರ್ವಮಂಗಳಮ್ಮ ಆಡಿದ ಮಾತು ತಪ್ಪುವ ಹೆಂಗಸಲ್ಲ. ಆದರೆ ಮೇಷ್ಟ್ರಿಗೆ ಮುದ್ದೆಯ ಭಯಕ್ಕಿಂತ ದೊಡ್ಡ ಭಯವಿತ್ತು. ಮೂವತ್ತಮೂರು ವರ್ಷ ಪಾಠ ಹೇಳಿದ ಊರು. ಮೇಷ್ಟ್ರು ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು. ಅಂಥ ಊರಿನ ಮುಂದೆ ನಿಂತು ನಾನೇ ತಪ್ಪು, ಅದೂ ಒಂಬತ್ತು ವರ್ಷದಿಂದ ಬಚ್ಚಿಟ್ಟ ತಪ್ಪು ಎಂದು ಹೇಳುವುದು ಅರವತ್ತೊಂದನೇ ವಯಸ್ಸಿನಲ್ಲಿ ಸುಲಭವಲ್ಲ. ಆದರೂ ಇವತ್ತು ಬಿಟ್ಟರೆ ಇನ್ನೊಂದು ದಿನವಿಲ್ಲ ಎಂದು ಅವರಿಗೂ ಗೊತ್ತಿತ್ತು.

*

೧೯೭೦ರಲ್ಲಿ ಕುಣಿಗಲ್ಲಿನ ಕುದುರೆ ಫಾರಂಗೆ ಇಟಲಿಯಿಂದ ಒಂದು ಗಂಡುಕುದುರೆ ಬಂತು. ಅದರ ಜೊತೆಗೆ ಅದನ್ನು ನೋಡಿಕೊಳ್ಳಲು ದೊನಾತೊ ಎಂಬ ಆಳೂ ಬಂದ. ಆರು ತಿಂಗಳಿದ್ದ. ಕುದುರೆಗೆ ಇಲ್ಲಿನ ಹವಾ ಒಗ್ಗಿತು, ದೊನಾತೊಗೆ ಒಗ್ಗಲಿಲ್ಲ. ಬೇಜಾರಾದಾಗಲೆಲ್ಲ ಅವನು ಬಿಳಿ ಚರ್ಮದ ಒಂದು ಚೆಂಡನ್ನು ಲಾಯದ ಗೋಡೆಗೆ ಎಸೆದು ಹಿಡಿಯುತ್ತಿದ್ದ. ಒಂದು ದಿನ ಅದರ ಹೊಲಿಗೆ ಬಿಚ್ಚಿಕೊಂಡಿತು. ಯಾರೋ ಅವನನ್ನು ಜೀನು ಹೊಲಿಯುವ ಲಾಲ್ ಸಾಬರ ಅಂಗಡಿಗೆ ಕರೆತಂದರು.

ಲಾಲ್ ಸಾಬ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಸೂಜಿ, ಮೇಣ ಹಚ್ಚಿದ ಕೆಂಪು ದಾರ. ಒಂದೂವರೆ ಗಂಟೆಯಲ್ಲಿ ಹೊಲಿದು ಕೊಟ್ಟರು. ದೊನಾತೊ ಚೆಂಡಿಗೆ ಮುತ್ತು ಕೊಟ್ಟ, ಆಮೇಲೆ ಲಾಲ್ ಸಾಬರ ಕೆನ್ನೆಗೂ ಕೊಟ್ಟ. ಒಳಗೆ ನಿಂತು ನೋಡುತ್ತಿದ್ದ ಅವರ ಹೆಂಡತಿ ಜಮಾಲುನ್ನೀಸಾ "ಯಾ ಅಲ್ಲಾ" ಎಂದು ಪರದೆ ಎಳೆದುಕೊಂಡಳು.

ಅಂದಿನಿಂದ ಅವನು ದಿನಾ ಸಂಜೆ ಬಂದು ಕೂರುತ್ತಿದ್ದ. ಅರ್ಧ ಹಿಂದಿ, ಅರ್ಧ ಕೈಸನ್ನೆ. ಅವನ ಊರು ಪೋರ್ತೊ ಸಾಲ್ವೊ, ಸಮುದ್ರದ ಪಕ್ಕದ್ದು. ಯುದ್ಧ ಮುಗಿದಾಗ ಅಮೆರಿಕದ ಸಿಪಾಯಿಗಳು ಈ ಬೇಸ್‌ಬಾಲ್ ಆಟವನ್ನು ಅಲ್ಲಿ ಬಿಟ್ಟುಹೋದರು. ಅವರ ಕ್ಲಬ್ಬು ಶುರು ಮಾಡಿದವನು ದೊನಾತೊನ ಅಪ್ಪ. ಅವನ ಕೆಲಸ ಏನು ಗೊತ್ತೇ? ಜೀನು ಹೊಲಿಯುವುದು! ಹೇಸರಗತ್ತೆಯ ಹಳೇ ಜೀನು ಕತ್ತರಿಸಿ ಮೊದಲನೇ ಕೈಗವಸು ಹೊಲಿದವನು ಅವನೇ. ಇದನ್ನು ಕೇಳಿದ ಮೇಲೆ ಲಾಲ್ ಸಾಬರಿಗೆ ಆ ಕ್ಲಬ್ಬು ತಮ್ಮ ಮನೆತನದ್ದೇ ಆಗಿಬಿಟ್ಟಿತು. ದೊನಾತೊ ಊರಿಗೆ ಹೋಗುವಾಗ ಚೆಂಡು, ದಾಂಡು, ಎರಡು ಗವಸು ಇವರಿಗೇ ಕೊಟ್ಟ. ಲಾಲ್ ಸಾಬ್ ಮನೆ ಎದುರಿನ ಬಯಲಿನಲ್ಲಿ ನಾಲ್ಕು ಗೋಣಿಚೀಲ ಹಾಸಿ ಹುಡುಗರನ್ನು ಸೇರಿಸಿದರು. ಕ್ಲಬ್ಬಿನ ಹೆಸರು ಸಾಲ್ವೊ ಕ್ಲಬ್ಬು, ಕುಣಿಗಲ್.

ಹುಡುಗರು ಸೇರಿದ ಮೇಲೆ ಮೇಷ್ಟ್ರು ಸೇರಲೇಬೇಕಲ್ಲ. ಮಹಾದೇವಯ್ಯ ಅಂಗಡಿಗೆ ಬಂದು ಚೆಂಡು ಕೈಗೆತ್ತಿಕೊಂಡರು. ಲೆಕ್ಕದವರ ಚಾಳಿ, ಹೊಲಿಗೆ ಎಣಿಸಿದರು. ಎಣಿಸಿ ಮುಗಿಸಿ ಇನ್ನೊಮ್ಮೆ ಎಣಿಸಿದರು.

"ಸಾಬ್ರೇ! ನೂರೆಂಟು!"

"ಹೌದು ಮೇಷ್ಟ್ರೇ. ಬಿಚ್ಚುವಾಗ ಎಷ್ಟಿತ್ತೋ ಅಷ್ಟೇ ಹಾಕಿದೀನಿ."

"ಅಲ್ಲ ಸಾಬ್ರೇ, ನೂರೆಂಟು ಅಂದ್ರೆ ಏನು? ಜಪಸರದಲ್ಲಿ ನೂರೆಂಟು, ಶಿವನ ನಾಮ ನೂರೆಂಟು. ಇದು ಇಟಲಿದೂ ಅಲ್ಲ, ಅಮೆರಿಕದ್ದೂ ಅಲ್ಲ. ನಮ್ಮಿಂದಲೇ ಹೋಗಿರೋದು!" ಮೇಷ್ಟ್ರ ಕಣ್ಣು ಹೊಳೆಯಿತು. "ಅದಿರಲಿ, ಚೆಂಡು ಹೊಡೆದ ಮೇಲೆ ಯಾವ ಕಡೆ ಓಡಬೇಕು?"

"ಬಲಗಡೆ ಚೀಲಕ್ಕೆ. ಅಲ್ಲಿಂದ ಹಿಂಗೆ ಸುತ್ಕೊಂಡು ಬರೋದು" ಎಂದು ಲಾಲ್ ಸಾಬ್ ನೆಲದ ಮೇಲೆ ಬೆರಳಿನಲ್ಲಿ ಎಳೆದು ತೋರಿಸಿದರು.

"ಛೆ ಛೆ. ಅದು ಅಪ್ರದಕ್ಷಿಣೆ ಆಗುತ್ತೆ. ನೂರೆಂಟು ಹೊಲಿಗೆ ಹಾಕಿದ ಜನ ಅಪ್ರದಕ್ಷಿಣೆ ಸುತ್ತುತ್ತಾರಾ? ಎಡಗಡೆ ಚೀಲಕ್ಕೆ ಓಡಬೇಕು."

"ದೊನಾತೊ ಓಡಿ ತೋರಿಸಿದಾನೆ ಮೇಷ್ಟ್ರೇ. ನಾನು ಎದುರಿಗೆ ನಿಂತು ಕಣ್ಣಾರೆ ನೋಡಿದೀನಿ."

"ಎದುರಿಗೆ ನಿಂತಿದ್ರಲ್ಲ, ಅಲ್ಲೇ ತಪ್ಪಿದ್ದು! ಕನ್ನಡೀಲಿ ನೋಡ್ದಂಗೆ. ಎದುರಿಗೆ ನಿಂತೋರಿಗೆ ಎಡ ಬಲ ಅದಲುಬದಲು. ಲೆಕ್ಕ ಸಾಬ್ರೇ, ಇದು ಲೆಕ್ಕ."

ಲಾಲ್ ಸಾಬ್ ನೆಲದ ಮೇಲಿನ ಗೆರೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. "ಮೆಕ್ಕಾದಲ್ಲೂ ಎಡಗೈ ಒಳಗಿಟ್ಕೊಂಡೇ ಸುತ್ತೋದಂತೆ ಮೇಷ್ಟ್ರೇ."

"ಅದು ಮೆಕ್ಕಾ. ಇದು ಕುಣಿಗಲ್ಲು."

ಲಾಲ್ ಸಾಬ್ ನಕ್ಕುಬಿಟ್ಟರು. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟವರು, ಲೆಕ್ಕದ ಮೇಷ್ಟ್ರ ಜೊತೆ ಎಷ್ಟು ವಾದ ಮಾಡಲಾದೀತು. ಲಾಲ್ ಸಾಬರೇ ಹೇಳಿಕೊಟ್ಟಂತೆ ಮಾರನೇ ದಿನದಿಂದ ಹುಡುಗರು ಚೆಂಡು ಹೊಡೆದು ಎಡಗಡೆ ಓಡತೊಡಗಿದರು. ಎಂಟು ವರ್ಷ ಹಾಗೇ ಓಡಿದರು, ಚೆನ್ನಾಗಿಯೇ ಓಡಿದರು. ತಪ್ಪು ಅನ್ನಲು ಸುತ್ತಮುತ್ತ ಆ ಆಟ ಬಲ್ಲ ಇನ್ನೊಂದು ನರಪಿಳ್ಳೆ ಇರಲಿಲ್ಲ.

*

ಹನ್ನೊಂದು ಗಂಟೆಗೆ ಗುಬ್ಬಿಯಿಂದ ಒಂದು ಲಾರಿ ಬಂತು. ಅದರಿಂದ ಹದಿನೈದು ಜನ ಇಳಿದು ಸಾಲಾಗಿ ನಿಂತರು. ಮುಂದಿದ್ದವನು ಗಂಗಹನುಮಯ್ಯ, ಗುಬ್ಬಿ ಕ್ಲಬ್ಬಿನ ಕ್ಯಾಪ್ಟನ್. ಆ ಕ್ಲಬ್ಬನ್ನು ಹುಟ್ಟುಹಾಕಿದವರೂ ಲಾಲ್ ಸಾಬರೇ. ಎದುರಾಳಿ ಇಲ್ಲದೆ ಎಷ್ಟು ವರ್ಷ ಆಡುವುದು ಎಂದು ಗುಬ್ಬಿಗೆ ಹೋಗಿ ಚೆಂಡು ಕೊಟ್ಟು ಬಂದಿದ್ದರು. ಆಮೇಲೆ ಜಿಲ್ಲಾ ಚಾಂಪಿಯನ್‌ಷಿಪ್ ಎಂದು ವರ್ಷಕ್ಕೊಮ್ಮೆ ಪಂದ್ಯವಾಗುತ್ತಿತ್ತು. ಜಿಲ್ಲೆಯಲ್ಲಿ ಇದ್ದದ್ದು ಎರಡೇ ತಂಡ. ಐದು ಸಲದಲ್ಲಿ ಕುಣಿಗಲ್ಲು ನಾಲ್ಕು ಸಲ ಗೆದ್ದಿತ್ತು.

ಜಮಾಲುನ್ನೀಸಾಳ ತಮ್ಮ ಜಹೀರ್ ಅಹಮದ್ ಮರಳೂರಿನಿಂದ ಬಂದಿದ್ದ. ಭಾವ ಜೀನು ಹೊಲಿಯುತ್ತಿದ್ದರು ಎನ್ನುವುದು ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಲಾರಿಯಿಂದ ಇಳಿದವರು ಕಣ್ಣೊರೆಸಿಕೊಳ್ಳುವುದನ್ನು ಕಂಡು ಅವನು ಓಬಳಯ್ಯನನ್ನು ಕೇಳಿದ. "ಇವರೆಲ್ಲಾ ಯಾರು?"

ಓಬಳಯ್ಯ ಹೆಬ್ಬೂರಿನ ಮೇಲೆ ತುಮಕೂರಿಗೆ ಹೋಗುವ ಬಸ್ಸಿನ ಕಂಡಕ್ಟರು. ಸಾಲ್ವೊ ಕ್ಲಬ್ಬಿನಲ್ಲಿ ಹಿಂದೆ ನಿಂತು ಚೆಂಡು ಹಿಡಿಯುತ್ತಿದ್ದವನು. ಮಾತಿಗೆ ಬರವಿಲ್ಲ. "ಕ್ಲಬ್ಬಿನೋರು ಸಾರ್. ನಿಮಗೆ ಗೊತ್ತಿಲ್ವಾ? ನಲವತ್ತೆಂಟರಲ್ಲಿ ಶುರುವಾಗಿದ್ದು. ಮೀನು ಮಾರ್ಕೆಟ್ ಹಿಂದೆ ಗ್ರೌಂಡು. ಮೊದಲ್ನೇ ವರ್ಷ ಒಂದು ಮ್ಯಾಚೂ ಗೆಲ್ಲಲಿಲ್ಲ. ಅರವತ್ಮೂರರಲ್ಲಿ ಫಸ್ಟ್ ಟೈಂ ಚಾಂಪಿಯನ್ನು."

"ಅರವತ್ನಾಲ್ಕು" ಎಂದ ಗಂಗಹನುಮಯ್ಯ.

"ಲೇ, ಅರವತ್ಮೂರು ಕಣ್ಲಾ. ದೊನಾತೊ ಅಪ್ಪ ಸತ್ತ ವರ್ಷಾನೇ ಕಪ್ ಬಂತು ಅಂತ ಸಾಬ್ರು ಹೇಳಿರ್ಲಿಲ್ವಾ?"

"ಅಪ್ಪ ಸತ್ತಿದ್ದು ಅರವತ್ಮೂರು. ಕಪ್ ಬಂದಿದ್ದು ಮುಂದಿನ ವರ್ಷ. ಕಪ್ ತಗೊಂಡೋಗಿ ಸಮಾಧಿ ಮುಂದೆ ಇಟ್ಟು ಮೀನು ಸಾರು ಉಂಡ್ರು. ಸರಿಯಾಗಿ ಕೇಳಿಸ್ಕೊಂಡಿದ್ರೆ ತಾನೇ ನೀನು."

ಜಹೀರ್ ಅಹಮದ್ ತಲೆ ಕೆರೆದುಕೊಂಡ. "ಕುಣಿಗಲ್ಲಲ್ಲಿ ಎಲ್ಲಿದೆ ಮೀನು ಮಾರ್ಕೆಟ್ಟು?"

"ಕುಣಿಗಲ್ಲಲ್ಲ ಸಾರ್. ಇಟಲಿ."

"ಇಟಲಿ? ಭಾವ ಇಟಲಿಗೆ ಹೋಗಿದ್ರಾ?"

"ಎಲ್ಲಿ ಹೋಗ್ತಾರೆ? ತುಮಕೂರು ದಾಟಿದ್ದೇ ಒಂದ್ಸಲ. ಅದೂ ನಮ್ಮ ಗುಬ್ಬೀಗೆ" ಎಂದ ಗಂಗಹನುಮಯ್ಯ.

ಆಮೇಲೆ ಎಲ್ಲರೂ ಸೇರಿ ಆ ಕಾರ್ಡುಗಳ ಕತೆ ಹೇಳಿದರು. ಪ್ರತಿ ವರ್ಷ ದೊನಾತೊನಿಂದ ಒಂದು ಕಾರ್ಡು ಬರುತ್ತಿತ್ತು. ಅದರಲ್ಲಿ ತಂಡದ ಚಿತ್ರ, ಹಿಂದುಗಡೆ ಅವನ ಭಾಷೆಯಲ್ಲಿ ನಾಲ್ಕು ಸಾಲು. ಓದುವವರು ಯಾರೂ ಇಲ್ಲ. ಚಿತ್ರದಲ್ಲಿ ಕಪ್ ಇದ್ದರೆ ಗೆದ್ದಿದ್ದಾರೆ, ಇಲ್ಲದಿದ್ದರೆ ಸೋತಿದ್ದಾರೆ. ಕಪ್ ಇದ್ದರೆ ಲಾಲ್ ಸಾಬ್ ಬೀದಿಗೆಲ್ಲ ಖರ್ಜೂರ ಹಂಚುತ್ತಿದ್ದರು. ಹದಿನಾರು ಕಾರ್ಡಿನಲ್ಲಿ ಏಳು ಸಲ ಹಂಚಿದ್ದರು. ಎಪ್ಪತ್ತೊಂಬತ್ತರ ಕಾರ್ಡಿನಲ್ಲಿ ಕಪ್ ಇರಲಿಲ್ಲ, ಆದರೆ ತಂಡದವರೆಲ್ಲ ನಗುತ್ತಿದ್ದರು. ಇದೇನು, ಸೋತವರು ಯಾಕೆ ನಗುತ್ತಿದ್ದಾರೆ ಎಂದು ಲಾಲ್ ಸಾಬ್ ಒಂದು ವಾರ ತಲೆಕೆಡಿಸಿಕೊಂಡು, ಕೊನೆಗೆ ಕಪ್ ಎಲ್ಲೋ ತೊಳೆಯಲು ಕೊಟ್ಟಿರಬೇಕು ಎಂದು ತೀರ್ಮಾನಿಸಿ ಆ ವರ್ಷವೂ ಹಂಚಿದರು.

ಸಾವಿನ ಮನೆ ಎನ್ನುವುದನ್ನು ಮರೆತು ಜನ ಕಿಲಕಿಲ ನಕ್ಕರು. ಜಹೀರನೂ ನಕ್ಕ.

"ಎಲ್ಲಾ ಸರಿ, ಆದ್ರೆ ಪಾಪ, ಆಟಾನ ಮಾತ್ರ ಉಲ್ಟಾ ಹೇಳ್ಕೊಟ್ರು" ಎಂದ ಓಬಳಯ್ಯ. "ನಮ್ಮ ಮೇಷ್ಟ್ರು ಪಕ್ಕದಲ್ಲೇ ಇದ್ರು, ಒಂದು ಮಾತು ಕೇಳಿದ್ರೆ ಆಗ್ತಿತ್ತು. ಅಲ್ವಾ ಸಾರ್?"

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಮಹಾದೇವಯ್ಯ ಬಾಯಿ ತೆರೆದರು. ಈಗಲೇ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಮೈ ತೊಳೆಸಲು ನೀರು ಕೇಳಿದರು, ಎಲ್ಲರೂ ಎದ್ದರು.

*

೧೯೭೮ರ ದಸರಾ ರಜೆಯಲ್ಲಿ ಬೆಂಗಳೂರಿನ ಒಂದು ತಂಡ ಪ್ರದರ್ಶನ ಪಂದ್ಯಕ್ಕೆಂದು ತುಮಕೂರಿಗೆ ಬಂತು. ಎದುರಾಳಿ ಯಾರು ಎಂದು ಹುಡುಕಿದಾಗ ಸಿಕ್ಕಿದ್ದು ಸಾಲ್ವೊ ಕ್ಲಬ್ಬು. ಹುಡುಗರಿಗೆ ಲಾಲ್ ಸಾಬರೇ ಗವಸು ಹೊಲಿದುಕೊಟ್ಟಿದ್ದರು. ಮಹಾದೇವಯ್ಯ ಬಿಳಿ ಷರಟು, ಬಿಳಿ ಪ್ಯಾಂಟು ಹಾಕಿಕೊಂಡು ಕೊರಳಿಗೆ ಸೀಟಿ ತೂಗಿಹಾಕಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಜಿಲ್ಲೆಯ ಶಿಕ್ಷಣಾಧಿಕಾರಿ ಕೂತಿದ್ದರು. ಅವರು ಮೇಷ್ಟ್ರನ್ನು ಕರೆದು ಕೈಕುಲುಕಿ "ಭೇಷ್" ಎಂದರು.

ಮೊದಲು ಆಡಲು ಹೋದವನು ಮನ್ಸೂರ್. ಆಗ ಅವನಿಗೆ ಇಪ್ಪತ್ತೊಂದು. ಬಂದ ಮೊದಲನೇ ಚೆಂಡನ್ನೇ ಎತ್ತಿ ಹೊಡೆದ. ಅಂಥ ಹೊಡೆತ! ಚೆಂಡು ಮೈದಾನದ ಆಚೆ ಹುಣಿಸೆಮರದೊಳಕ್ಕೆ ಹೋಯಿತು. ಸುಮ್ಮನೆ ನಡೆದುಕೊಂಡು ಸುತ್ತು ಬಂದಿದ್ದರೂ ಸಾಕಾಗಿತ್ತು. ಮನ್ಸೂರ್ ಎದ್ದೆನೋ ಬಿದ್ದೆನೋ ಎಂದು ಓಡಿದ, ಎಡಗಡೆಗೆ.

ಬೆಂಗಳೂರಿನವರು ಮೊದಲು ಬೆಪ್ಪಾದರು, ಆಮೇಲೆ ನೆಲಕ್ಕೆ ಬಿದ್ದು ನಕ್ಕರು. ಇಡೀ ಮೈದಾನ ನಕ್ಕಿತು. ತೀರ್ಪುಗಾರ ಕೈಯೆತ್ತಿ ಔಟ್ ಎಂದ. ಮನ್ಸೂರ್ ಇನ್ನೂ ಓಡುತ್ತಲೇ ಇದ್ದ. ಶಿಕ್ಷಣಾಧಿಕಾರಿ ಎದ್ದು ನಿಂತು "ಯಾರ್ರೀ ಇವರಿಗೆ ಹೇಳಿಕೊಟ್ಟಿದ್ದು?" ಎಂದು ಮಹಾದೇವಯ್ಯನವರತ್ತ ತಿರುಗಿದರು.

ಮೇಷ್ಟ್ರು ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದರು. ಆಗ ಲಾಲ್ ಸಾಬ್ ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. "ನಾನು ಸಾಹೇಬ್ರೇ. ಓದುಬರಹ ಇಲ್ದೋನು, ಉಲ್ಟಾ ತಿಳ್ಕೊಂಡುಬುಟ್ಟೆ."

"ಉಲ್ಟಾ ಸಾಬ್!" ಎಂದು ಜನದ ಮಧ್ಯೆ ಯಾರೋ ಕೂಗಿದರು. ಆ ಹೆಸರು ಅವರಿಗಿಂತ ಮುಂಚೆ ಬಸ್ಸು ಹತ್ತಿ ಕುಣಿಗಲ್ಲು ಸೇರಿತು.

ವಾಪಸು ಬರುವಾಗ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಮೇಷ್ಟ್ರು ಟಿಕೆಟ್ಟಿನ ಹಿಂದೆ ನಾಲ್ಕು ಮೂಲೆಯ ಮೈದಾನ ಬರೆದು, ಎದುರಿನಿಂದ ನೋಡಿ, ಪಕ್ಕದಿಂದ ನೋಡಿ, ತಿರುಗಿಸಿ ನೋಡಿದರು. ಎಲ್ಲಿ ನಿಂತು ನೋಡಿದರೂ ಹೊಡೆದವನ ಬಲಗೈ ಬಲಗೈಯೇ. ಅಷ್ಟು ಸರಳ.

"ಯಾಕೆ ಸಾಬ್ರೇ ಹಂಗಂದ್ರಿ?"

"ನೀವು ರಜಾ ಮುಗೀತಿದ್ದಂಗೆ ನಲವತ್ತು ಮಕ್ಕಳ ಮುಂದೆ ನಿಂತು ಲೆಕ್ಕ ಹೇಳ್ಬೇಕು ಮೇಷ್ಟ್ರೇ. ನಾನು ಚರ್ಮದ ಮುಂದೆ ಕೂರೋನು. ಚರ್ಮ ನಗಲ್ಲ" ಎಂದರು ಲಾಲ್ ಸಾಬ್. ಆಮೇಲೆ ಕಿಟಕಿಗೆ ತಲೆಕೊಟ್ಟು ನಿದ್ದೆ ಹೋದರು.

ಮಾರನೇ ದಿನದಿಂದ ಹುಡುಗರು ಬಲಗಡೆ ಓಡಲು ಕಲಿತರು. ಮುಂದಿನ ವರ್ಷ ಅದೇ ಬೆಂಗಳೂರಿನವರನ್ನು ಅದೇ ಮೈದಾನದಲ್ಲಿ ಸೋಲಿಸಿದರು. ಆಟ ಸರಿಹೋಯಿತು, ಹೆಸರು ಸರಿಹೋಗಲಿಲ್ಲ. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ, ರಿಟೈರ್ ಆದ ಮೇಲೆ ಹೇಳುತ್ತೇನೆ ಎಂದುಕೊಂಡೇ ಮೇಷ್ಟ್ರು ಒಂಬತ್ತು ವರ್ಷ ಕಳೆದರು.

*

ಮಧ್ಯಾಹ್ನ ಮನೆ ಎದುರಿನ ಆ ಬಯಲಿನಲ್ಲೇ ಜನಾಜಾ ಹೊತ್ತು ತಂದು ಇಳಿಸಿದರು. ನಮಾಜಿಗೆ ನಿಂತವರು ಆರು ಸಾಲು. ಅವರ ಹಿಂದೆ ಟವಲನ್ನು ಹೆಗಲ ಮೇಲಿಂದ ಇಳಿಸಿಕೊಂಡು ನಿಂತ ಗುಬ್ಬಿಯವರು, ಬೀದಿಯವರು, ಹಳೇ ವಿದ್ಯಾರ್ಥಿಗಳು.

ಮನ್ಸೂರ್ ವಾಡಿಕೆಯಂತೆ ಜನರತ್ತ ತಿರುಗಿ ಕೈಮುಗಿದ. "ನಮ್ಮ ಅಬ್ಬಾ ಗೊತ್ತಿದ್ದೋ ಗೊತ್ತಿಲ್ದೇನೋ ಯಾರ ಮನಸ್ಸಾದ್ರೂ ನೋಯಿಸಿದ್ರೆ, ಏನಾದ್ರೂ ತಪ್ಪು ಮಾಡಿದ್ರೆ, ಎಲ್ಲಾರೂ ಮಾಫ್ ಮಾಡ್ಬುಡಿ."

"ಮಾಫ್, ಮಾಫ್" ಎಂದರು ಜನ.

"ಇಲ್ಲ!" ಎಂದು ಹಿಂದಿನಿಂದ ದನಿ ಬಂತು.

ಎಲ್ಲರೂ ತಿರುಗಿದರು. ಮಹಾದೇವಯ್ಯ ಸಾಲುಗಳ ಮಧ್ಯೆ ದಾರಿ ಮಾಡಿಕೊಂಡು ಮುಂದೆ ಬರುತ್ತಿದ್ದರು. "ಸಾಬ್ರು ಮಾಫಿ ಕೇಳೋ ಅಂಥದ್ದು ಏನೂ ಮಾಡಿಲ್ಲ. ಕೇಳಬೇಕಾದೋನು ನಾನು. ಆಟ ಉಲ್ಟಾ ಹೇಳಿಕೊಟ್ಟಿದ್ದು ಅವರಲ್ಲ, ನಾನು. ಅವರು ಬಲಗಡೆ ಅಂದ್ರು, ನಾನೇ ಹಟ ಮಾಡಿ ಎಡಗಡೆ ಅಂದೆ. ತುಮಕೂರಲ್ಲಿ ನನ್ನ ಮಾನ ಉಳಿಸೋಕೆ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನಿದ್ದೆ. ಒಂಬತ್ತು ವರ್ಷ ಸುಮ್ನಿದ್ದೆ."

ಊರು ಈಗ ಏನೆನ್ನುತ್ತದೋ ಎಂದು ಮೇಷ್ಟ್ರು ಕಾದರು.

ಕೋಟೆ ಬೀದಿಯ ಲಾಲ್ ಸಾಬ್ ಮೂಗು ಒರೆಸಿಕೊಂಡ. "ನೋಡ್ರಯ್ಯಾ. ದೋಸ್ತಿ ಅಂದ್ರೆ ಇದು."

"ಸತ್ತೋರ ಮೇಲೆ ಒಂದು ಮಾತು ಉಳೀಬಾರ್ದು ಅಂತ ತಮ್ಮ ತಲೆ ಮೇಲೆ ಹಾಕ್ಕೊತಾವ್ರೆ" ಎಂದ ಓಬಳಯ್ಯ. "ಇಂಥ ಮೇಷ್ಟ್ರು ಯಾವ ಊರಿಗೆ ಸಿಗ್ತಾರೆ ಹೇಳಿ."

"ಲೇ ಓಬಳಾ, ನಿಜ ಹೇಳ್ತಿದೀನಿ ಕಣೋ!"

"ಆಯ್ತು ಸಾರ್, ಆಯ್ತು. ನಮಗೆ ಅರ್ಥ ಆಗುತ್ತೆ. ಸಮಾಧಾನ ಮಾಡ್ಕೊಳ್ಳಿ."

"ಸಮಾಧಾನ ಏನ್ಲಾ ಸಮಾಧಾನ! ನೂರೆಂಟು ಹೊಲಿಗೆ ಇತ್ತು ಅಂತ ನಾನು ಪ್ರದಕ್ಷಿಣೆ..."

"ಲೆಕ್ಕದ ಮೇಷ್ಟ್ರು ಇಂಥ ತಪ್ಪು ಮಾಡ್ತಾರಾ ಎಲ್ಲಾದ್ರೂ" ಎಂದು ಹಿಂದೆ ಯಾರೋ ಹೇಳಿದರು. ಮಸೀದಿಯ ಹಜರತ್ತರು ಮೇಷ್ಟ್ರ ಭುಜದ ಮೇಲೆ ಕೈಯಿಟ್ಟು, ದೇವರು ನಿಮ್ಮಂಥವರನ್ನು ಚೆನ್ನಾಗಿಟ್ಟಿರಲಿ ಎಂದು ಹರಸಿ ನಮಾಜಿಗೆ ನಿಂತರು. ಒಂಬತ್ತು ವರ್ಷ ಎದೆಯಲ್ಲಿ ಹೊತ್ತುಕೊಂಡು ತಿರುಗಿದ ಮಾತು, ಆಡಿದರೆ ಕೊಳ್ಳುವವರಿಲ್ಲ. ಮೇಷ್ಟ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇದಕ್ಕಿಂತ ನಾಲ್ಕು ಜನ ಮುಖಕ್ಕೆ ಉಗಿದಿದ್ದರೆ ಹಗುರವಾಗುತ್ತಿತ್ತು.

ಖಬರಸ್ತಾನದಲ್ಲಿ ಎಲ್ಲರಂತೆ ಅವರೂ ಮೂರು ಹಿಡಿ ಮಣ್ಣು ಹಾಕಿದರು. "ಸಾಬ್ರೇ, ಹೇಳ್ದೆ. ನಂಬಲಿಲ್ಲ ಮುಂಡೇವು" ಎಂದು ಮೆಲ್ಲಗೆ ಹೇಳಿದರು.

ವಾಪಸು ಬರುವಾಗ ಜನ ಬಯಲಿನಲ್ಲಿ ನಿಂತರು. ಅಲ್ಲಿಂದ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಡಬೇಕು. ಹೊರಡುವ ಮುಂಚೆ ಬಂದು ಬಂದು ಮೇಷ್ಟ್ರ ಕೈಹಿಡಿದು, ದೊಡ್ಡ ಮನಸ್ಸು ಸಾರ್ ನಿಮ್ದು ಎನ್ನತೊಡಗಿದರು. ಗಂಗಹನುಮಯ್ಯನಂತೂ ಬಗ್ಗಿ ಕಾಲಿಗೇ ಕೈ ಹಾಕಿದ. ಮೇಷ್ಟ್ರ ತಾಳ್ಮೆ ಅಲ್ಲಿಗೆ ಮುಗಿಯಿತು.

"ಏಳೋ ಮೇಲೆ! ಹೋಗಿ ಆ ಚೀಲದ ಜಾಗದಲ್ಲಿ ನಿಂತ್ಕೋ. ಓಬಳಾ, ನೀನು ಇಲ್ಲಿರು. ಸಾಬ್ರು ನನಗೆ ಹೆಂಗೆ ಹೇಳಿಕೊಟ್ಟಿದ್ರೋ ಹಂಗೇ ಓಡಿ ತೋರಿಸ್ತೀನಿ. ಈ ಆಟ ಅವರಿಗೆ ಮೊದಲ್ನೇ ದಿನದಿಂದ ಸರಿಯಾಗಿ ಗೊತ್ತಿತ್ತು ಅನ್ನೋದು ನಿಮ್ಮ ಮಂಡೆಗೆ ಇಳೀಲಿ."

"ಸಾವಿನ ದಿನ ಇದೆಲ್ಲಾ..." ಎಂದು ಯಾರೋ ಹಿರಿಯರು ಗೊಣಗಿದರು.

"ಓಡ್ಲಿ ಬುಡಿ ಚಾಚಾ" ಎಂದ ಮನ್ಸೂರ್. "ಅಬ್ಬಾಗೆ ಇದಕ್ಕಿಂತ ಒಳ್ಳೇ ಫಾತಿಹಾ ಯಾವುದಿದೆ."

ಮೇಷ್ಟ್ರು ಚಪ್ಪಲಿ ಬಿಟ್ಟರು. ಪಂಚೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಜೀವಮಾನದಲ್ಲಿ ಅವರು ಸೀಟಿ ಊದಿದ್ದುಂಟು, ತೀರ್ಪು ಹೇಳಿದ್ದುಂಟು, ಒಂದು ದಿನವೂ ಓಡಿದ್ದಿಲ್ಲ. ಗಂಗಹನುಮಯ್ಯ ಬಲಗಡೆಯ ಮೂಲೆಯಲ್ಲಿ ಕೈಚಾಚಿ ನಿಂತ. ಓಬಳಯ್ಯ ಬಸ್ಸಿಗೆ ಊದುವಂತೆ ಸೀಟಿ ಊದಿ "ರೈಟ್!" ಎಂದ. ಮೇಷ್ಟ್ರು ಕಣ್ಣು ಗಟ್ಟಿಯಾಗಿ ಮುಚ್ಚಿ, ತೆಗೆದು, ಶಿವನನ್ನು ನೆನೆದು ಓಡಿದರು.

ಓಡಿದರು, ಎಡಗಡೆಗೆ.

ದಿನಾ ಬೆಳಿಗ್ಗೆ ಗುಡಿ ಸುತ್ತುವ ಕಾಲು, ಯಾರ ಮಾತನ್ನೂ ಕೇಳದೆ ತನ್ನ ದಾರಿ ಹಿಡಿದಿತ್ತು. ಹುಡುಗರೆಲ್ಲ ಒಂಬತ್ತು ವರ್ಷದ ಹಿಂದೆಯೇ ತಿದ್ದಿಕೊಂಡಿದ್ದರು. ಮೇಷ್ಟ್ರ ಕಾಲನ್ನು ತಿದ್ದಿದವರು ಯಾರೂ ಇರಲಿಲ್ಲ. ಬಲಗಡೆ ಕಾಯುತ್ತಿದ್ದ ಗಂಗಹನುಮಯ್ಯ ಬಾಯಿ ಬಿಟ್ಟುಕೊಂಡು ನಿಂತ.

"ಸಾರ್! ಉಲ್ಟಾ! ಉಲ್ಟಾ!" ಎಂದು ಮನ್ಸೂರ್ ಕೂಗಿದ.

ಮೇಷ್ಟ್ರು ಅರ್ಧ ದಾರಿಯಲ್ಲಿ ನಿಂತರು. ಸುತ್ತ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು.

ಮೊದಲು ಅರ್ಥವಾದದ್ದು ಓಬಳಯ್ಯನಿಗೆ. "ಲೇ... ಲೇ! ಮೇಷ್ಟ್ರು ಹೇಳಿದ್ದು ನಿಜ ಕಣ್ರೋ! ಇವರೇ ಕಣ್ರೋ!" ಎಂದು ತೊಡೆ ತಟ್ಟಿಕೊಂಡ. ನಗು ಬಯಲಿನ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟಿತು. ಹಜರತ್ತರೂ ಗಡ್ಡಕ್ಕೆ ಕೈ ಅಡ್ಡ ಇಟ್ಟುಕೊಂಡರು. ನಗುನಗುತ್ತಲೇ ಓಬಳಯ್ಯನ ಕಣ್ಣಲ್ಲಿ ನೀರು ಬಂತು. ಅವನು ಖಬರಸ್ತಾನದ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದು ಕೂಗಿದ. "ಸಾಬ್ರೇ, ತಪ್ಪಾಯ್ತು! ಮಾಫ್ ಮಾಡ್ಬುಡಿ!"

"ಮಾಫ್ ಮಾಡಿ ಸಾಬ್ರೇ" ಎಂದರು ಗುಬ್ಬಿಯವರು. "ಮಾಫ್, ಮಾಫ್" ಎಂದಿತು ಊರು. ಬೆಳಿಗ್ಗೆಯಿಂದ ಬಿಗಿಹಿಡಿದು ನಿಂತಿದ್ದ ಮನ್ಸೂರ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮುಖ ಮುಚ್ಚಿಕೊಂಡು ಮನಸಾರೆ ಅತ್ತ.

ಮೇಷ್ಟ್ರು ತಿರುಗಿದರು. ಹೊರಟ ಜಾಗಕ್ಕೆ ಬಂದು, ಈ ಸಲ ಬಲಗೈಯನ್ನು ಎತ್ತಿ ಖಚಿತ ಮಾಡಿಕೊಂಡು, ಬಲಗಡೆಗೆ ಓಡಿದರು. ಎರಡನೇ ಮೂಲೆಯಲ್ಲಿ ಪಂಚೆ ಬಿಚ್ಚಿಕೊಂಡಿತು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿದರು. ಜನ ಶಿಳ್ಳೆ ಹೊಡೆಯುತ್ತಿದ್ದರು. ಸರ್ವಮಂಗಳಮ್ಮ ತಾವು ತಂದಿದ್ದ ಸಾರಿನ ಪಾತ್ರೆಯ ಪಕ್ಕದಲ್ಲಿ ನಿಂತು "ಬೀಳ್ತೀರಾ ರೀ, ಮೆಲ್ಲಗೆ!" ಎಂದು ಕಿರುಚುತ್ತಿದ್ದರು.

ಮನೆಯ ಕಿಟಕಿಯಲ್ಲಿ ಜಮಾಲುನ್ನೀಸಾ ಸೆರಗನ್ನು ಬಾಯಿಗೆ ತುರುಕಿಕೊಂಡು ಸರಳಿಗೆ ಹಣೆಯಿಟ್ಟು ನಿಂತಿದ್ದಳು. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದೆ ಕಲ್ಲಾಗಿ ಕೂತಿದ್ದವಳ ಮೈ ಗಡಗಡ ಅಲುಗುತ್ತಿತ್ತು. ಕೊನೆಗೂ ದುಃಖ ಕಟ್ಟೆಯೊಡೆಯಿತು ಎಂದುಕೊಂಡು ತಂಗಿ ಖುರ್ಷಿದಾ ಓಡಿಬಂದು ತಬ್ಬಿಕೊಂಡಳು. "ಅಳು ಅಕ್ಕಾ, ಅತ್ತುಬಿಡು" ಎಂದು ಬೆನ್ನು ಸವರಿದಳು. ಉಳಿದ ಹೆಂಗಸರೂ ಸುತ್ತ ಸೇರಿ, ಅವರೂ ಅಳತೊಡಗಿದರು. ಜಮಾಲುನ್ನೀಸಾಗೆ ಮಾತಾಡಲು ಆಗುತ್ತಿರಲಿಲ್ಲ. ನಕ್ಕೂ ನಕ್ಕೂ ಉಸಿರು ಸಿಗದೆ, ತಂಗಿಯ ಭುಜ ಗಟ್ಟಿಯಾಗಿ ಹಿಡಿದುಕೊಂಡು, ಅವಳ ಗಲ್ಲವನ್ನು ಕಿಟಕಿಯ ಕಡೆಗೆ ತಿರುಗಿಸಿ, ಹೊರಗೆ ಬೆರಳು ತೋರಿಸಿದಳು.